ಬಿಳಿಯ ಮಚ್ಚೆಗೆ ಹೆಸರಿಡುವ ಮುನ್ನ

ಜ್ವರ ಬಿಟ್ಟು ವಾರವಾಗಿರುತ್ತದೆ. ಗಂಟಲು ನೋವು, ನೆಗಡಿ, ಎರಡು ದಿನದ ಮೈಬಿಸಿ, ಇಷ್ಟೇ. ಮಳೆಗಾಲದಲ್ಲಿ ಯಾವ ಮನೆಯ ಮಗುವಿಗೆ ಇದು ಬಾರದು? ಆರು ವರುಷದ ಹುಡುಗ ಮತ್ತೆ ಶಾಲೆಗೆ ಹೋಗತೊಡಗಿ, ಮನೆಯವರು ಆ ಜ್ವರವನ್ನು ಮರೆತೂ ಆಗಿರುವ ಹೊತ್ತಿನಲ್ಲಿ, ಒಂದು ಬೆಳಗ್ಗೆ ಹಾಸಿಗೆಯಿಂದ ಎದ್ದವನು ಗೋಡೆ ಹಿಡಿದು ನಡೆಯುತ್ತಾನೆ. ಹಾಲಿನ ಲೋಟ ತುಟಿಗೆ ಮುಟ್ಟುವ ಮೊದಲೇ ತುಳುಕುತ್ತದೆ. ಮಾತನಾಡಿಸಿದರೆ ಸಿಡುಕುತ್ತಾನೆ, ಬಿಟ್ಟರೆ ಮಂಪರಿಗೆ ಜಾರುತ್ತಾನೆ. ದೃಷ್ಟಿಯಾಗಿದೆಯೆಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಶಾಲೆ ತಪ್ಪಿಸುವ ಆಟವೆಂದು ತಾಯಿ ಗದರುತ್ತಾಳೆ. ಸಂಜೆ ನೋಡೋಣವೆಂದು ತಂದೆ ಕೆಲಸಕ್ಕೆ ಹೊರಡುತ್ತಾನೆ. ಸಂಜೆಯ ಹೊತ್ತಿಗೆ ಹುಡುಗನಿಗೆ ಮೂತ್ರ ಕಟ್ಟಿ ಕಿಬ್ಬೊಟ್ಟೆ ಉಬ್ಬಿರುತ್ತದೆ. ರಾತ್ರಿ ಫಿಟ್ಸ್ ಬರುತ್ತದೆ.

ಇನ್ನೊಂದು ಮನೆಯಲ್ಲಿ ಹದಿಮೂರು ವರುಷದ ಹುಡುಗಿ. ಅವಳಿಗೆ ಜ್ವರವಿಲ್ಲ, ಮಂಪರಿಲ್ಲ. ಕರಿಹಲಗೆಯ ಮೇಲಿನ ಅಕ್ಷರ ಮಸುಕಾಗಿದೆಯೆಂದಾಗ ಮನೆಯವರು ಕನ್ನಡಕದ ಅಂಗಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಎಷ್ಟು ಗಾಜು ಬದಲಿಸಿದರೂ ಬಲಗಣ್ಣಿನ ನೋಟ ತಿಳಿಯಾಗುವುದಿಲ್ಲ. ಆ ಕಣ್ಣಿಗೆ ಜಡೆಯ ಕೆಂಪು ರಿಬ್ಬನ್ನು ತೊಳೆದು ಬಣ್ಣ ಹೋದ ಬಟ್ಟೆಯಾಗಿ ಕಾಣುತ್ತದೆ, ಕಣ್ಣನ್ನು ಪಕ್ಕಕ್ಕೆ ಹೊರಳಿಸಿದರೆ ಗುಡ್ಡೆಯ ಹಿಂದೆ ನೋಯುತ್ತದೆ.

ನೋಡುವವರ ಕಣ್ಣಿಗೆ ಈ ಎರಡು ಮಕ್ಕಳ ಬೇನೆಗೂ ಯಾವ ಸಂಬಂಧವೂ ತೋರದು. ಆದರೆ ಇಬ್ಬರಿಗೂ ಎಂಆರ್‌ಐ ಮಾಡಿಸಿದಾಗ ಚಿತ್ರದಲ್ಲಿ ಕಾಣುವುದು ಇರಬಾರದ ಎಡೆಯಲ್ಲಿ ಮೂಡಿದ ಬಿಳಿಯ ಮಚ್ಚೆಗಳೇ. ಆ ಮಚ್ಚೆಗಳಿಗೆ ಏನೆಂದು ಹೆಸರಿಡಬೇಕು, ಎಷ್ಟು ಬೇಗ ಇಡಬೇಕು, ಎಷ್ಟು ಹೊತ್ತು ಇಡದೆ ಕಾಯಬೇಕು ಎಂಬುದು ಮಕ್ಕಳ ನರವೈದ್ಯದ ಬಹು ಸೂಕ್ಷ್ಮವಾದ ಪ್ರಶ್ನೆಗಳಲ್ಲಿ ಒಂದು.

ಪೊರೆ ಕಳಚಿದಾಗ

ಮೆದುಳಿನ ನರಕೋಶವೊಂದು ದೂರದ ಇನ್ನೊಂದು ಕೋಶಕ್ಕೆ ಸಂಕೇತ ಕಳುಹಿಸುವುದು ತನ್ನ ಉದ್ದವಾದ ತಂತುವಿನ ಮೂಲಕ. ಈ ತಂತುವಿನ ಸುತ್ತ ಕೊಬ್ಬಿನಂಶ ಹೆಚ್ಚಾಗಿರುವ ಪೊರೆಯೊಂದು ಪದರ ಪದರವಾಗಿ ಸುತ್ತಿಕೊಂಡಿರುತ್ತದೆ, ಅದೇ ಮಯಲಿನ್. ಆ ಪೊರೆ ಏಕಾಖಂಡವಾಗಿರದೆ, ಕಬ್ಬಿನ ಜಲ್ಲೆಯಲ್ಲಿ ಗಣ್ಣುಗಳಿರುವಂತೆ ನಡುನಡುವೆ ಸಣ್ಣ ಸಣ್ಣ ತೆರಪುಗಳನ್ನು ಬಿಟ್ಟಿರುತ್ತದೆ. ವಿದ್ಯುತ್ ಸಂಕೇತವು ತಂತುವಿನ ಉದ್ದಕ್ಕೂ ತೆವಳದೆ ಒಂದು ಗಣ್ಣಿನಿಂದ ಇನ್ನೊಂದಕ್ಕೆ ನೆಗೆಯುತ್ತ ಸಾಗುತ್ತದೆ. ಪೊರೆಯಿಲ್ಲದ ಸಣ್ಣ ತಂತುವಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರು ನಡೆಯುವ ಸಂಕೇತ, ದಪ್ಪ ಪೊರೆಯುಳ್ಳ ತಂತುವಿನಲ್ಲಿ ನೂರು ಮೀಟರಿನಷ್ಟು ವೇಗ ಪಡೆಯುವುದು ಈ ನೆಗೆತದಿಂದಲೇ.

ಪೊರೆ ಹರಿದರೆ ಸಂಕೇತ ತಡವಾಗುತ್ತದೆ, ತಡವರಿಸುತ್ತದೆ, ಕೆಲವೆಡೆ ನಿಂತೇಹೋಗುತ್ತದೆ. ಕಣ್ಣಿನ ನರದಲ್ಲಿ ಹರಿದರೆ ನೋಟ, ಬೆನ್ನುಹುರಿಯಲ್ಲಿ ಹರಿದರೆ ಕಾಲಿನ ಬಲ ಮತ್ತು ಮೂತ್ರದ ಹಿಡಿತ, ಕಿರುಮೆದುಳಿನಲ್ಲಿ ಹರಿದರೆ ನಡಿಗೆಯ ಸಮತೋಲ, ಹೀಗೆ ಸ್ಥಳಕ್ಕೆ ತಕ್ಕಂತೆ ನಷ್ಟ. ಆದರೂ ಆರಂಭದಲ್ಲಿ ಒಳಗಿನ ತಂತು ಬಹುಮಟ್ಟಿಗೆ ಉಳಿದಿರುತ್ತದೆಯಾದುದರಿಂದ, ಉರಿಯೂತ ತಗ್ಗಿ ಪೊರೆ ಮತ್ತೆ ಕೂಡಿಕೊಳ್ಳುವ ಅವಕಾಶವುಂಟು. ಮಕ್ಕಳಲ್ಲಿ ಈ ಚೇತರಿಕೆ ದೊಡ್ಡವರಿಗಿಂತ ಎಷ್ಟೋ ಮೇಲು.

ಪೊರೆಯನ್ನು ಹರಿಯುವವರಾರು? ಹೆಚ್ಚಿನ ಸಂದರ್ಭಗಳಲ್ಲಿ ದೇಹದ ರಕ್ಷಣೆಗೆಂದೇ ಇರುವ ರೋಗನಿರೋಧಕ ವ್ಯವಸ್ಥೆ. ಇದಕ್ಕೆ ಕ್ರೂರವಾದ ಪುರಾವೆ ನಮ್ಮ ದೇಶದ ವೈದ್ಯಚರಿತ್ರೆಯಲ್ಲಿಯೇ ಇದೆ. ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಿದ್ದ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು. 1911ರ ಸುಮಾರಿಗೆ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯ ರೂಪಿಸಿದ ಆ ಲಸಿಕೆ ತಯಾರಾಗುತ್ತಿದ್ದುದು ಕುರಿಯ ಮೆದುಳಿನಿಂದ. ಅದರೊಂದಿಗೆ ಕುರಿಯ ಮಯಲಿನ್ನೂ ದೇಹಕ್ಕೆ ಸೇರುತ್ತಿತ್ತು. ಅದನ್ನು ಪರಕೀಯವೆಂದು ಗುರುತಿಸಿ ಹೋರಾಡಲು ಕಲಿತ ರೋಗನಿರೋಧಕ ಕೋಶಗಳು, ಕುರಿಯದಕ್ಕೂ ಮನುಷ್ಯನದಕ್ಕೂ ಇರುವ ಹೋಲಿಕೆಯಿಂದ ಮೋಸಹೋಗಿ, ಕೆಲವರಲ್ಲಿ ಸ್ವಂತ ಮೆದುಳಿನ ಮೇಲೆಯೇ ಎರಗುತ್ತಿದ್ದವು. ರೇಬೀಸಿನಿಂದ ಬದುಕಿಕೊಂಡವನು ಲಸಿಕೆಯಿಂದ ಹಾಸಿಗೆ ಹಿಡಿಯುತ್ತಿದ್ದನು. ಭಾರತದಲ್ಲಿ ಈ ಲಸಿಕೆಯ ತಯಾರಿಕೆ ನಿಂತದ್ದು 2004ರ ಕೊನೆಗೆ, ಅಂದರೆ ನಿಲ್ಲಬೇಕಾದುದಕ್ಕಿಂತ ಬಹಳ ತಡವಾಗಿ. ಈಗಿನ ಲಸಿಕೆಯಲ್ಲಿ ಮೆದುಳಿನ ಅಂಶವೇ ಇಲ್ಲವಾದ್ದರಿಂದ, ಹಳೆಯ ಭಯವನ್ನು ಹಿಡಿದುಕೊಂಡು ನಾಯಿ ಕಚ್ಚಿದ ಮಗುವಿಗೆ ಚುಚ್ಚುಮದ್ದು ತಪ್ಪಿಸುವುದು ಪ್ರಾಣಕ್ಕೆ ಸಂಚಕಾರ.

ಲಸಿಕೆಯಿಲ್ಲದೆಯೂ, ಸಾಮಾನ್ಯವಾದ ವೈರಸ್ ಸೋಂಕು ಮಾಸಿದ ಮೇಲೆ ಇದೇ ಬಗೆಯ ತಪ್ಪುದಾಳಿ ನಡೆಯುವುದುಂಟು. ದಡಾರ ಬಂದ ಮಕ್ಕಳಲ್ಲಿ ಸುಮಾರು ಸಾವಿರಕ್ಕೊಬ್ಬರಿಗೆ ಹೀಗಾಗುತ್ತದೆಂದು ವೈದ್ಯಗ್ರಂಥಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ದಡಾರದ ಲಸಿಕೆ ಈ ಅಪಾಯವನ್ನೂ ತಗ್ಗಿಸಿತೆಂಬುದನ್ನು ಲಸಿಕೆಯನ್ನು ಶಂಕಿಸುವವರು ಗಮನಿಸಬೇಕು.

ಒಂದು ಹೆಸರಿನ ಅಡಿಯಲ್ಲಿ ಹಲವು ರೋಗ

1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಎಂಬ ಮಹಾವೈದ್ಯ, ಮೆದುಳಿನಲ್ಲಿ ಅಲ್ಲಲ್ಲಿ ಗಟ್ಟಿಗಟ್ಟಿದ ಕಲೆಗಳನ್ನು ಕಂಡು, ಜೀವಿತದಲ್ಲಿ ಕಂಡ ಲಕ್ಷಣಗಳೊಡನೆ ಅವನ್ನು ಜೋಡಿಸಿ ಒಂದು ರೋಗವನ್ನು ವರ್ಣಿಸಿದನು. ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಎಂಎಸ್ ಎನ್ನಿಸಿಕೊಳ್ಳುವ ಈ ರೋಗ ಬಿಟ್ಟು ಬಿಟ್ಟು ಮರಳುವ ಸ್ವಭಾವದ್ದು. 1894ರಲ್ಲಿ ಲಿಯೋನಿನ ಡೆವಿಕ್ ಎಂಬಾತ, ಕಣ್ಣಿನ ನರ ಮತ್ತು ಬೆನ್ನುಹುರಿಗಳನ್ನೇ ಹುಡುಕಿ ಹೊಡೆಯುವ ಇನ್ನೊಂದನ್ನು ಬೇರೆಯಾಗಿ ಹೆಸರಿಸಿದನಾದರೂ, ನೂರು ವರುಷಕ್ಕೂ ಹೆಚ್ಚು ಕಾಲ ಅದು ಎಂಎಸ್‌ನ ಒಂದು ಬಗೆಯೇ ಅಲ್ಲವೇ ಎಂಬ ಜಿಜ್ಞಾಸೆ ಮುಗಿಯಲಿಲ್ಲ.

ಅದು ಮುಗಿದದ್ದು 2004ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ವಾಂಡಾ ಲೆನನ್ ಮತ್ತು ಸಂಗಡಿಗರು ಡೆವಿಕ್ ರೋಗಿಗಳ ರಕ್ತದಲ್ಲಿ ಎಂಎಸ್ ರೋಗಿಗಳಲ್ಲಿ ಕಾಣದ ಒಂದು ಪ್ರತಿಕಾಯವನ್ನು ಗುರುತಿಸಿದರು. ಮರುವರುಷ ಅದರ ಗುರಿ ಅಕ್ವಾಪೊರಿನ್-4 ಎಂಬ, ಕೋಶದೊಳಕ್ಕೂ ಹೊರಕ್ಕೂ ನೀರು ಹಾಯುವ ಕಿಂಡಿಯೆಂದು ತಿಳಿಯಿತು. ಈ ಕಿಂಡಿ ಇರುವುದು ಮಯಲಿನ್ನಿನ ಮೇಲಲ್ಲ, ನರಕೋಶಗಳ ಪರಿಚಾರಿಕೆ ಮಾಡುವ ನಕ್ಷತ್ರಾಕಾರದ ಕೋಶಗಳ ಮೇಲೆ. ಮೊದಲ ಪೆಟ್ಟು ಅವಕ್ಕೆ. ಪೊರೆ ಹರಿಯುವುದು ಆಮೇಲೆ. ಚಿತ್ರದಲ್ಲಿ ಮಾತ್ರ ಎರಡೂ ಬಿಳಿಯ ಮಚ್ಚೆಗಳೇ.

ಮಕ್ಕಳ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರತಿಕಾಯವುಂಟು. ಮಯಲಿನ್ ಪೊರೆಯ ಹೊರಮೈಯಲ್ಲಿ, ಮೆದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಮಾತ್ರ ಇರುವ ಒಂದು ಪ್ರೋಟೀನನ್ನು ವೈದ್ಯರು ಮಾಗ್ ಎಂದು ಚುಟುಕಾಗಿ ಕರೆಯುತ್ತಾರೆ. ಪೊರೆ ಹರಿಯುವ ರೋಗದ ಮೊದಲ ಹೊಡೆತಕ್ಕೆ ಸಿಕ್ಕಿದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲಿನವರ ರಕ್ತದಲ್ಲಿ ಈ ಮಾಗ್‌ಗೆ ವಿರುದ್ಧವಾದ ಪ್ರತಿಕಾಯ ಸಿಗುತ್ತದೆ. ಹಿಂದೆ ಎಂಎಸ್, ಡೆವಿಕ್ ಎಂದು ಹಂಚಿಹೋಗುತ್ತಿದ್ದ ಎಷ್ಟೋ ಮಕ್ಕಳ ರೋಗ ನಿಜವಾಗಿ ಇದೇ ಆಗಿತ್ತು. ಇದನ್ನು ಸ್ವತಂತ್ರ ರೋಗವೆಂದು ನಿರ್ಣಯಿಸುವ ಅಂತರರಾಷ್ಟ್ರೀಯ ಸೂತ್ರಗಳು ಪ್ರಕಟವಾದದ್ದು 2023ರಲ್ಲಿ. ಇಷ್ಟು ಹೊಸತು ಈ ಜ್ಞಾನ.

ಮೊದಲ ದಿನಗಳು

ಆರು ವರುಷದ ಹುಡುಗ ಆಸ್ಪತ್ರೆ ಸೇರಿದೊಡನೆ ವೈದ್ಯರ ಮೊದಲ ಚಿಂತೆ ಮಯಲಿನ್ ಅಲ್ಲ, ಸೋಂಕು. ಮಂಪರು ಮತ್ತು ಫಿಟ್ಸ್ ಕಂಡಾಗ ಹರ್ಪಿಸ್ ವೈರಸ್ಸು, ಜಪಾನೀ ಮೆದುಳುಜ್ವರ, ಕ್ಷಯದ ಮೆದುಳುಪೊರೆಯುರಿ ಇವುಗಳನ್ನು ಮರೆತರೆ ಮಗು ಕೈತಪ್ಪಬಹುದು. ಆದುದರಿಂದ ಬೆನ್ನುನೀರು ತೆಗೆದು ಕೋಶಗಳನ್ನೆಣಿಸಿ, ಸಕ್ಕರೆ, ಪ್ರೋಟೀನುಗಳನ್ನು ಅಳೆದು, ಫಲಿತಾಂಶ ಬರುವವರೆಗೆ ಸೋಂಕಿನ ಔಷಧಿಯನ್ನೂ ಹಾಕುತ್ತಿರುತ್ತಾರೆ. ಇದನ್ನು ಕಂಡು ‘ಇವರಿಗೆ ರೋಗವೇ ತಿಳಿದಿಲ್ಲ, ಎಲ್ಲ ಔಷಧಿಯನ್ನೂ ಸುರಿಯುತ್ತಿದ್ದಾರೆ’ ಎಂದು ಕೆಲವು ಬಂಧುಗಳು ಗೊಣಗುವುದುಂಟು. ಅದು ಅಜ್ಞಾನವಲ್ಲ, ಎಚ್ಚರಿಕೆ.

ಎಂಆರ್‌ಐ ಎಂಬುದು ಮಗುವಿಗೆ ಸುಲಭದ ಪರೀಕ್ಷೆಯಲ್ಲ. ಗಡಗಡ ಸದ್ದು ಮಾಡುವ ಕೊಳವೆಯೊಳಗೆ ಅರ್ಧ ಗಂಟೆಗೂ ಮೀರಿ ಅಲುಗದೆ ಮಲಗಬೇಕು; ಆರು ವರುಷದವನಿಂದ ಅದು ಆಗದಾದ್ದರಿಂದ ಹಸಿದ ಹೊಟ್ಟೆಯಲ್ಲಿ ಕರೆತಂದು ಅರಿವಳಿಕೆ ಕೊಡಬೇಕು. ಮೆದುಳನ್ನಷ್ಟೇ ನೋಡಿ ಮುಗಿಸದೆ ಕಣ್ಣಿನ ನರಗಳನ್ನೂ ಇಡೀ ಬೆನ್ನುಹುರಿಯನ್ನೂ ಒಂದೇ ಸರದಿಯಲ್ಲಿ ನೋಡಿಬಿಡುವುದು ಮೇಲು. ಲಕ್ಷಣ ತೋರದ ಮಚ್ಚೆ ಎಷ್ಟೋ ವೇಳೆ ಅಲ್ಲಿ ಅಡಗಿರುತ್ತದೆ. ಎಳೆಯ ಮಗುವಿನ ಮೆದುಳಿನಲ್ಲಿ ಪೊರೆಯ ಬೆಳವಣಿಗೆಯೇ ಇನ್ನೂ ಮುಗಿದಿರುವುದಿಲ್ಲವಾಗಿ, ದೊಡ್ಡವರ ಚಿತ್ರಗಳನ್ನೇ ನೋಡಿ ಪಳಗಿದ ಕಣ್ಣಿಗೆ ಆ ಸಹಜವಾದ ಎಳಸುತನವೇ ರೋಗವಾಗಿ ತೋರುವ ಅಪಾಯವೂ ಇದೆ.

ಹುಡುಗನ ಚಿತ್ರದಲ್ಲಿ ಮಚ್ಚೆಗಳು ದೊಡ್ಡವು, ಅಂಚು ಮಸುಕಾದವು, ಎರಡೂ ಕಡೆ ಚೆದುರಿದವು. ಮೆದುಳಿನ ಆಳದ ಬೂದುಭಾಗದಲ್ಲಿಯೂ ಇವೆ. ಹುಡುಗಿಯ ಚಿತ್ರದಲ್ಲಿ ಅವು ಚಿಕ್ಕವು, ಅಂಚು ಸ್ಪಷ್ಟವಾದ ಅಂಡಾಕಾರದವು. ಮೆದುಳಿನ ನಡುವಣ ನೀರಿನ ಕೋಣೆಗಳ ಅಂಚಿಗೆ ಲಂಬವಾಗಿ ನಿಂತಿವೆ. ಮೊದಲನೆಯದು ಎಡೆಮ್ ಎಂಬ ರೋಗದತ್ತ, ಎರಡನೆಯದು ಎಂಎಸ್‌ನತ್ತ ಬೆರಳು ತೋರುತ್ತದೆ. ತೋರುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ.

ಎಡೆಮ್ ಎನ್ನಬೇಕಾದರೆ ಮಕ್ಕಳ ನರವೈದ್ಯರ ಅಂತರರಾಷ್ಟ್ರೀಯ ಕೂಟವು 2007ರಲ್ಲಿ ಕಟ್ಟಿ 2013ರಲ್ಲಿ ತಿದ್ದಿದ ನಿಯಮಗಳುಂಟು. ನರವ್ಯೂಹದ ಹಲವೆಡೆ ಏಕಕಾಲಕ್ಕೆ ಪೆಟ್ಟು ಬಿದ್ದಿರಬೇಕು. ಮಗುವಿನ ಎಚ್ಚರ ಅಥವಾ ನಡವಳಿಕೆ ಜ್ವರದಿಂದ ವಿವರಿಸಲಾಗದಷ್ಟು ಬದಲಾಗಿರಬೇಕು. ಮೂರು ತಿಂಗಳಾದ ಮೇಲೆ ಹೊಸ ಲಕ್ಷಣವಾಗಲಿ ಹೊಸ ಮಚ್ಚೆಯಾಗಲಿ ಮೂಡಬಾರದು. ಈ ಕಡೆಯ ಷರತ್ತನ್ನು ಗಮನಿಸಬೇಕು: ಮೊದಲ ದಿನ ಎಷ್ಟೇ ಜಾಣ ವೈದ್ಯನಾದರೂ ಇದನ್ನು ಪೂರೈಸಲಾರನು. ರೋಗದ ಹೆಸರಿನ ಅರ್ಧಭಾಗ ಕಾಲದ ಕೈಯಲ್ಲಿದೆ.

ಚಿಕಿತ್ಸೆ ಮಾತ್ರ ಹೆಸರಿಗಾಗಿ ಕಾಯುವುದಿಲ್ಲ. ಸೋಂಕಿನ ಶಂಕೆ ತಗ್ಗಿದೊಡನೆ ಮಿಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಹೆಚ್ಚಿನ ಪ್ರಮಾಣದಲ್ಲಿ ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಫಲ ಸಾಲದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ.

ರಕ್ತ ಹೇಳುವ ಸಾಕ್ಷ್ಯ

ಸ್ಟೀರಾಯ್ಡಿನ ಮೊದಲ ಡೋಸಿಗೆ ಮುಂಚೆ ಒಂದಿಷ್ಟು ರಕ್ತವನ್ನು ತೆಗೆದಿರಿಸಿಕೊಂಡರೆ ಮುಂದಣ ಎಷ್ಟೋ ಸಂದೇಹಗಳಿಗೆ ಉತ್ತರ ಸಿಗುತ್ತದೆ. ಸ್ಟೀರಾಯ್ಡು, ಪ್ಲಾಸ್ಮಾ ಬದಲಾವಣೆಗಳಾದ ಮೇಲೆ ಪ್ರತಿಕಾಯದ ಮಟ್ಟ ಇಳಿದು ಪರೀಕ್ಷೆ ಸುಳ್ಳಾಗಿ ‘ಇಲ್ಲ’ ಎನ್ನಬಹುದು.

ಆ ಪರೀಕ್ಷೆ ನಡೆಯುವ ಬಗೆ ಸೊಗಸಾದುದು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳ ಹೊರಮೈಯಲ್ಲಿ ಮಾಗ್ ಪ್ರೋಟೀನು ತನ್ನ ಸಹಜರೂಪದಲ್ಲಿಯೇ ಅರಳುವಂತೆ ಮೊದಲೇ ಸಿದ್ಧಪಡಿಸಿರುತ್ತಾರೆ. ಅದರ ಮೇಲೆ ಮಗುವಿನ ಸೀರಮ್ಮನ್ನು ತೆಳುಮಾಡಿ ಹಾಕುತ್ತಾರೆ. ಪ್ರತಿಕಾಯವಿದ್ದರೆ ಅದು ಅಂಟಿಕೊಳ್ಳುತ್ತದೆ. ಅಂಟದಿದ್ದುದನ್ನು ತೊಳೆದು, ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ದ್ರಾವಣವನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಪ್ರತಿ ಕೋಶದ ಅಂಚಿನಲ್ಲಿಯೂ ಹಸುರು ಬಳೆಯೊಂದು ಬೆಳಗುತ್ತದೆ. ಹಿಂದಿನ ಪರೀಕ್ಷಾವಿಧಾನಗಳಲ್ಲಿ ಪ್ರೋಟೀನಿನ ಸಹಜಾಕೃತಿ ಕೆಡುತ್ತಿದ್ದುದರಿಂದ ಪ್ರತಿಕಾಯ ಇದ್ದರೂ ಇಲ್ಲವೆಂದೂ ಇಲ್ಲದಿದ್ದರೂ ಇದೆಯೆಂದೂ ತೋರಿ, ವಿದ್ವಾಂಸರು ವರುಷಗಟ್ಟಲೆ ಗೊಂದಲದಲ್ಲಿದ್ದರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ, ಈ ರೋಗಿಗಳ ದಾಖಲೆಯನ್ನು ನರವೈದ್ಯೆ ಲೇಖಾ ಪಂಡಿತ್ ಅವರು ಕಟ್ಟಿ ನಡೆಸಿದ ಮಂಗಳೂರಿನ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿಯೂ ಇಂಥ ಕೋಶಾಧಾರಿತ ಪರೀಕ್ಷೆಗಳು ನಡೆಯುತ್ತ ಬಂದಿವೆ.

ಹಾಗೆಂದು ತಲೆನೋವೆಂದ ಮಗುವಿಗೆಲ್ಲ ಈ ಪರೀಕ್ಷೆ ಬರೆದುಕೊಡುವುದು ಸಲ್ಲದು. ಅತ್ಯಲ್ಪ ಮಟ್ಟದ ಮಾಗ್ ಪ್ರತಿಕಾಯ ಬೇರೆ ರೋಗಿಗಳಲ್ಲಿಯೂ, ಕೆಲವೊಮ್ಮೆ ಆರೋಗ್ಯವಂತರಲ್ಲಿಯೂ ಸಿಗುವುದರಿಂದ, ಲಕ್ಷಣ, ಚಿತ್ರ, ರಕ್ತ ಮೂರೂ ಒಂದೇ ಮಾತು ಹೇಳಿದಾಗಲೇ ಅದಕ್ಕೆ ಬೆಲೆ.

ಎಂಎಸ್‌ಗೆ ಇಂಥ ಒಂದೇ ಪ್ರತಿಕಾಯವಿಲ್ಲ. ಮಚ್ಚೆಗಳು ನರವ್ಯೂಹದ ಬೇರೆಬೇರೆ ನಿಯತಸ್ಥಾನಗಳಲ್ಲಿವೆಯೇ, ಬೇರೆಬೇರೆ ಕಾಲದಲ್ಲಿ ಮೂಡಿದವೇ ಎಂದು ನೋಡುತ್ತಾರೆ. ರಕ್ತದಲ್ಲಿ ಇಲ್ಲದೆ ಬೆನ್ನುನೀರಿನಲ್ಲಿ ಮಾತ್ರ ತೋರುವ ಪ್ರೋಟೀನಿನ ಪಟ್ಟೆಗಳನ್ನು ಹುಡುಕುತ್ತಾರೆ. ನ್ಯೂಜಿಲೆಂಡ್ ಮೂಲದ ಇಯನ್ ಮೆಕ್‌ಡೊನಾಲ್ಡ್ ಅವರ ಹೆಸರಿನಲ್ಲಿ 2001ರಿಂದ ಮತ್ತೆ ಮತ್ತೆ ಪರಿಷ್ಕೃತವಾಗುತ್ತಿರುವ ಈ ಸೂತ್ರಗಳನ್ನು, ಹನ್ನೊಂದು ತುಂಬದ ಮಕ್ಕಳಿಗೆ ಅನ್ವಯಿಸುವಾಗ ವಿಶೇಷ ಎಚ್ಚರ ಬೇಕೆಂದು 2017ರ ಪರಿಷ್ಕರಣದಲ್ಲಿಯೇ ಹೇಳಿದೆ. ಎಂಎಸ್ ರೋಗಿಗಳಲ್ಲಿ ಹದಿನೆಂಟರೊಳಗೆ ರೋಗ ತೊಡಗುವವರು ನೂರಕ್ಕೆ ಕೆಲವೇ ಮಂದಿ. ಅವರಲ್ಲಿಯೂ ಹೆಚ್ಚಿನವರು ಹರೆಯಕ್ಕೆ ಕಾಲಿಟ್ಟವರು.

ವೇಷ ಹಾಕಿ ಬರುವ ರೋಗಗಳು

ಈ ಭಾಗವನ್ನು ಅವಸರದಲ್ಲಿ ದಾಟುವಂತಿಲ್ಲ. ಬಿಳಿಯ ಮಚ್ಚೆಯೆಲ್ಲ ರೋಗನಿರೋಧಕ ವ್ಯವಸ್ಥೆಯ ಕೈವಾಡವಲ್ಲ. ಹುಟ್ಟಿನಿಂದಲೇ ಮಯಲಿನ್ ಸರಿಯಾಗಿ ಕೂಡದ ಅಥವಾ ಕೂಡಿದ್ದು ಕ್ರಮೇಣ ನಶಿಸುವ ವಂಶವಾಹಿ ರೋಗಗಳುಂಟು. ಅವುಗಳಲ್ಲಿ ಎಡಬಲಗಳೆರಡೂ ಕನ್ನಡಿ ಹಿಡಿದಂತೆ ಸಮವಾಗಿ ಕೆಡುತ್ತವೆ, ಮಗು ಕಲಿತ ಮಾತನ್ನೂ ನಡಿಗೆಯನ್ನೂ ತಿಂಗಳುಗಳಲ್ಲಿ ಮರೆಯುತ್ತದೆ. ಆದುದರಿಂದಲೇ ಅನುಭವಿ ವೈದ್ಯನು ಯಂತ್ರದ ಬಳಿಗೆ ಹೋಗುವ ಮೊದಲು ‘ಕಳೆದ ದೀಪಾವಳಿಯಲ್ಲಿ ಮಗು ಹೇಗಿತ್ತು? ತಂದೆತಾಯಿ ಸೋದರ ಸಂಬಂಧದವರೇ? ಮನೆತನದಲ್ಲಿ ಇಂಥ ಮಗು ಮೊದಲೂ ಇತ್ತೇ?’ ಎಂದು ಕೇಳುತ್ತಾನೆ. ಸೋದರಮಾವ, ಅತ್ತೆಯ ಮಗ ಎಂದು ಒಳಗಿಂದೊಳಗೆ ಕೊಟ್ಟು ತರುವ ಪದ್ಧತಿ ಇನ್ನೂ ಇರುವ ನಮ್ಮ ನಾಡಿನಲ್ಲಿ ಈ ಪ್ರಶ್ನೆ ಕೇವಲ ಕುಶಲಪ್ರಶ್ನೆಯಲ್ಲ.

ಇವುಗಳಲ್ಲೊಂದನ್ನು ಹೆಸರಿಸಿಯೇ ಹೇಳಬೇಕು. ಬಯೋಟಿನ್ ಎಂಬ ಜೀವಸತ್ವವನ್ನು ದೇಹ ಮರುಬಳಕೆ ಮಾಡಲು ಬೇಕಾದ ಕಿಣ್ವವೊಂದು ಹುಟ್ಟಿನಿಂದಲೇ ಕೊರೆಯಾಗಿರುವ ಕೆಲವು ಮಕ್ಕಳು, ಬೆಳೆದ ಮೇಲೆ ಕಣ್ಣು ಮಂಜಾಗಿ ಕಾಲು ಸೋತು, ಅಚ್ಚು ಡೆವಿಕ್ ರೋಗಿಗಳಂತೆಯೇ ಆಸ್ಪತ್ರೆಗೆ ಬರುತ್ತಾರೆ. ಉದುರುವ ಕೂದಲು, ಬಾಯಿಯ ಸುತ್ತಣ ಗಂಧೆ, ಮಂದವಾದ ಕಿವಿ ಇವು ಸುಳಿವು ಕೊಡಬಹುದು; ಕೊಡದೆಯೂ ಇರಬಹುದು. ಇವರಿಗೆ ಸ್ಟೀರಾಯ್ಡು ಬೇಡ, ಬೇಕಾದುದು ಬಯೋಟಿನ್ ಮಾತ್ರೆ, ಅದೂ ಜೀವನಪರ್ಯಂತ. ಕಿಣ್ವದ ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಇಷ್ಟು ಸುಲಭದ ಪರೀಕ್ಷೆಯನ್ನು ಇಷ್ಟು ದೊಡ್ಡ ಕೊಡುಗೆಯುಳ್ಳ ಚಿಕಿತ್ಸೆಗಾಗಿ ನೆನಪಿಟ್ಟುಕೊಳ್ಳದಿರುವುದು ಅಕ್ಷಮ್ಯವೆಂದೇ ಹೇಳಬೇಕು.

ಹೆಸರು ತಪ್ಪಿದರೆ

ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್ ಮುಂತಾದ ಕೆಲವು ಔಷಧಿಗಳು ಡೆವಿಕ್ ರೋಗವನ್ನು ಕೆರಳಿಸಬಲ್ಲವು. ಡೆವಿಕ್ ರೋಗವಾದರೋ ಒಂದೊಂದು ಹೊಡೆತದಲ್ಲಿಯೂ ಕಣ್ಣನ್ನೋ ಕಾಲನ್ನೋ ಕಸಿಯುವಂಥದಾದುದರಿಂದ ಮೊದಲ ಹೊಡೆತದ ನಂತರವೇ ದೀರ್ಘಚಿಕಿತ್ಸೆ ಬೇಕು. ಮಾಗ್ ರೋಗದ ಮಕ್ಕಳಲ್ಲಿ ಬಹಳ ಮಂದಿಗೆ ಅದು ಒಮ್ಮೆ ಬಂದು ಮತ್ತೆ ಬಾರದು; ಅವರಿಗೆ ಮೊದಲ ಹೊಡೆತಕ್ಕೇ ವರುಷಗಟ್ಟಲೆ ಔಷಧಿ ಹಚ್ಚುವುದು ಅನಗತ್ಯ. ಎಂಎಸ್ ಇರುವ ಮಗುವಿಗೆ ‘ನೋಡೋಣ’ ಎನ್ನುತ್ತ ಕಾಲ ಕಳೆಯುವುದೂ ಅಷ್ಟೇ ತಪ್ಪು, ಏಕೆಂದರೆ ಮಕ್ಕಳಲ್ಲಿ ಅದು ದೊಡ್ಡವರಿಗಿಂತ ಹೆಚ್ಚು ಸಲ ಮರುಕಳಿಸುತ್ತದೆ. ಚಿತ್ರದ ವರದಿಯ ಕೊನೆಯ ಸಾಲಿನಲ್ಲಿ ಮುದ್ರಿತವಾದ ಒಂದು ಪದವನ್ನು ಹಿಡಿದುಕೊಂಡು ಅಂತರ್ಜಾಲದಲ್ಲಿ ಮಗುವಿನ ಭವಿಷ್ಯ ಓದಲು ಕೂರುವ ತಂದೆತಾಯಿಗಳು, ಆ ವರದಿ ಬರೆದವರು ಬಹುಶಃ ಮಗುವನ್ನು ಕಂಡೇ ಇಲ್ಲವೆಂಬುದನ್ನು ನೆನೆಯಬೇಕು.

ಮನೆಯವರು ಮಾಡತಕ್ಕದ್ದು

ಒಂದು ಕಣ್ಣಿನ ನೋಟ ಕುಂದಿದ ಮಗು ಇನ್ನೊಂದರಿಂದ ನಿಭಾಯಿಸಿಕೊಂಡು, ತನಗೇ ತಿಳಿಯದೆ ದಿನಗಳನ್ನು ಕಳೆದುಬಿಡುತ್ತದೆ. ಸಂಶಯ ಬಂದರೆ ಅಂಗೈಯಿಂದ ಒಂದೊಂದೇ ಕಣ್ಣನ್ನು ಮುಚ್ಚಿ ಗೋಡೆಯ ಕ್ಯಾಲೆಂಡರನ್ನು ಓದಿಸಿ, ಕೆಂಪು ಬಣ್ಣ ಎರಡು ಕಣ್ಣಿಗೂ ಒಂದೇ ಆಗಿ ಕಾಣುವುದೇ ಎಂದು ಕೇಳಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಎಂಆರ್‌ಐ ವರದಿಯ ಹಾಳೆಯಷ್ಟನ್ನೇ ತರದೆ ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆದು, ಯಾವ ದಿನ ಯಾವ ಲಕ್ಷಣ ತೊಡಗಿತು, ಸ್ಟೀರಾಯ್ಡ್ ಎಂದು ಕೊಟ್ಟರು, ರಕ್ತ ಎಂದು ತೆಗೆದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವೈದ್ಯರು ಹಳೆಯ ಮಚ್ಚೆಯನ್ನು ಹೊಸದರಿಂದ ಬೇರ್ಪಡಿಸಲು ಅದೇ ಆಧಾರ. ಮಗು ಗುಣವಾಗಿ ಓಡಾಡುತ್ತಿದೆಯೆಂದು ಮೂರು ತಿಂಗಳ ನಂತರದ ತಪಾಸಣೆಯನ್ನು ತಪ್ಪಿಸಬೇಡಿ. ಒಂದೆರಡು ದಿನದೊಳಗೆ ಕಣ್ಣು ಮಂಜಾದ, ಕಾಲಿನ ಬಲ ಕುಗ್ಗಿದ, ಮೂತ್ರ ಕಟ್ಟಿದ, ಅಥವಾ ಎಬ್ಬಿಸಿದರೂ ಸರಿಯಾಗಿ ಎಚ್ಚರಾಗದ ಮಗುವನ್ನು ಮಾರನೆಯ ದಿನಕ್ಕೆ ಕಾಯದೆ, ಅದೇ ದಿನ ಮಕ್ಕಳ ವಿಭಾಗವುಳ್ಳ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.